ಹೈಸ್ಕೂಲಲ್ಲಿ ಹೊಡೆದಾಟ ತಡೆಯೋಕೆ 1.5 ಲಕ್ಷ ಇದೆ, ಎಲ್ಲಿಗೆ ಹಾಕೋದು? ಮಾಡಿ ನೋಡಿದವರು ಹೇಳಿ

ತಾಲ್ಲೂಕು_ಹೈಸ್ಕೂಲು:
ಅನುದಾನಿತ ಶಾಲೆ, 8ರಿಂದ 10, ಮಕ್ಕಳು 420, ಮೇಷ್ಟ್ರು ಮೇಡಂ ಸೇರಿ 14 ಜನ. ಎರಡು ತಿಂಗಳಲ್ಲಿ ಐದು ಹೊಡೆದಾಟ, ಐದೂ ಊಟದ ಬಿಡುವಿನಲ್ಲಿ. ಒಂದರಲ್ಲಿ ಕೈವಾರದ ಮೊನೆ ಅಂಗೈಗೆ ಇಳಿದು ಹೊಲಿಗೆ ಬಿತ್ತು. ಹಳೇ ವಿದ್ಯಾರ್ಥಿಗಳ ಸಂಘ 1.5 ಲಕ್ಷ ಕೊಡ್ತಿದೆ. ಪೋಷಕರು ಸಿಸಿ ಕ್ಯಾಮೆರಾನೇ ಆಗಬೇಕು ಅಂತಿದ್ದಾರೆ, ಸ್ಟಾಫ್ ರೂಮು ಎರಡು ಭಾಗ ಆಗಿದೆ. ಖರ್ಚು ಸಮೇತ ತಿಳಿಸಿ.

ಕೇಬಲ್_ಕಣ್ಣು:
ಕ್ಯಾಮೆರಾ ಹಾಕಿ. ಆದರೆ ಕೊಟೇಶನ್ ಕೊಟ್ಟವರ ಮಾತು ಪೂರ್ತಿ ನಂಬಬೇಡಿ. ನಮ್ಮಲ್ಲಿ 16 ಕ್ಯಾಮೆರಾ ಹಾಕಿದ ಲೆಕ್ಕ ಇದು: 2 ಮೆಗಾಪಿಕ್ಸೆಲ್ ಪಿಒಇ (ಕರೆಂಟೂ ಚಿತ್ರವೂ ಒಂದೇ ಕೇಬಲ್ಲಲ್ಲಿ ಹೋಗೋ) ಡೋಮ್ ಕ್ಯಾಮೆರಾ ಒಂದಕ್ಕೆ 2,700ರಂತೆ 43,200. ಎನ್‌ವಿಆರ್ (ರೆಕಾರ್ಡ್ ಮಾಡೋ ಪೆಟ್ಟಿಗೆ) 11,000. 8 ಟಿಬಿ ಡಿಸ್ಕ್ 19,500. ಪಿಒಇ ಸ್ವಿಚ್ ಎರಡು 11,600. ಕ್ಯಾಟ್ 6 ಕೇಬಲ್, 305 ಮೀಟರಿನ ಎರಡು ಬಾಕ್ಸ್, 16,400. ಪೈಪು, ಜಂಕ್ಷನ್ ಬಾಕ್ಸು, ಕೂಲಿ 21,000. 1 ಕೆವಿಎ ಯುಪಿಎಸ್ 6,300. ಒಟ್ಟು 1,29,000.

ಈಗ ತಾಪತ್ರಯಗಳು. 30 ದಿನದ ರೆಕಾರ್ಡಿಂಗ್ ಸಿಗುತ್ತೆ ಅಂದಿದ್ರು, ಸಿಕ್ಕಿದ್ದು 23 ದಿನ. ಒಂದು ಕ್ಯಾಮೆರಾ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಅಂದ್ರೆ ದಿನಕ್ಕೆ 21.6 ಜಿಬಿ, 16ಕ್ಕೆ 345 ಜಿಬಿ ದಾಟುತ್ತೆ. 8 ಟಿಬಿಯನ್ನು ಅದರಿಂದ ನೀವೇ ಭಾಗಿಸಿ ನೋಡಿ. 1.5ಕ್ಕೆ ಇಳಿಸಿ, ಸೆಕೆಂಡಿಗೆ 15 ಫ್ರೇಮು ಮಾಡಿದ ಮೇಲೆ 30 ದಿನ ನಿಂತಿತು. ಕಟ್ಟಡದಿಂದ ಕಟ್ಟಡಕ್ಕೆ ಮೇಲಿಂದ ಎಳೆದ ತಾಮ್ರದ ಕೇಬಲ್ಲು ಮೊದಲ ಮುಂಗಾರು ಸಿಡಿಲಿಗೇ ಸ್ವಿಚ್ಚಿನ ಐದು ಪೋರ್ಟು ಸುಟ್ಟಿತು. ಆ ತುಂಡಿಗೆ ಮಾತ್ರ ಫೈಬರ್ (ಕರೆಂಟು ಹರಿಯದ ಗಾಜಿನ ಎಳೆ) ಹಾಕಿಸಿ, ಎರಡೂ ತುದಿಗೆ ಅದನ್ನ ತಾಮ್ರದ ಕೇಬಲ್ಲಿಗೆ ಜೋಡಿಸೋ ಮೀಡಿಯಾ ಕನ್ವರ್ಟರ್ ಬೇಕು. 100 ಮೀಟರ್ ದಾಟಿದ ಕ್ಯಾಟ್ 6 ಹಗಲೆಲ್ಲ ಚೆನ್ನಾಗಿರುತ್ತೆ, ಸಂಜೆ ಇನ್‌ಫ್ರಾರೆಡ್ ಹತ್ತಿಕೊಂಡು ಕರೆಂಟು ಜಾಸ್ತಿ ಎಳೆದಾಗ ಕ್ಯಾಮೆರಾ ಆಫ್ ಆಗಿಬಿಡುತ್ತೆ. ಕತ್ತಲಾದ ಮೇಲೆ ಆ ಬೆಳಕಿಗೆ ಹುಳ ಬರುತ್ತೆ, ಹುಳಕ್ಕೆ ಜೇಡ ಬರುತ್ತೆ. ಬಲೆಯ ಒಂದೇ ಒಂದು ಎಳೆ ಲೆನ್ಸ್ ಮುಂದೆ ಜೋತುಬಿದ್ದರೆ ಪರದೆ ತುಂಬ ಬಿಳಿ ಗೆರೆ, ಹಿಂದಿರೋ ಗೇಟು ಕಾಣಲ್ಲ. ವಾರಕ್ಕೊಮ್ಮೆ ಉದ್ದ ಕೋಲಿನ ಬ್ರಷ್ ಆಡಿಸಲೇಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಗಡಿಯಾರ. ಎನ್‌ವಿಆರ್ ಒಳಗಿನ ಸೆಲ್ಲು ಸತ್ತು ಸಮಯ 37 ನಿಮಿಷ ಹಿಂದೆ ಓಡ್ತಿದ್ದರೆ ಆ ವಿಡಿಯೊ ಕೊಟ್ಟೂ ಪ್ರಯೋಜನ ಕಮ್ಮಿ. ಪ್ರತಿ ಸೋಮವಾರ ಮೊಬೈಲು ಪಕ್ಕ ಇಟ್ಟು ತಾಳೆ ನೋಡಿ, ರಿಜಿಸ್ಟರಲ್ಲಿ ಸಹಿ ಹಾಕಿ. ಪೊಲೀಸರಿಗೆ ತುಣುಕು ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಮಾಣಪತ್ರ ಬೇಕು, ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಇದ್ದ ಜಾಗದಲ್ಲಿ. ಅದರಲ್ಲಿ ಹ್ಯಾಶ್ ಮೌಲ್ಯ (ಫೈಲು ತಿದ್ದಿಲ್ಲ ಅಂತ ತೋರಿಸೋ, ಆ ಫೈಲಿನಿಂದಲೇ ಲೆಕ್ಕ ಹಾಕಿದ ಗುರುತು) ಬರೆಯಬೇಕು. ಹಾಕಿಕೊಟ್ಟವರಿಗೆ ಹ್ಯಾಶ್ ತೆಗೆಯೋದು ಗೊತ್ತಾ ಅಂತ ಮೊದಲೇ ಕೇಳಿ.

ನಲ್ಲಿ_ಸಾಲು:
ಮೇಲಿನವರು ಸ್ವಿಚ್ಚು ಸುಟ್ಟಿದ್ದು ಹೇಳಿದ್ರು, 1 ಗಂಟೆ 20ರಿಂದ 2ರ ತನಕ ಆ ಹದಿನಾರು ಚೌಕ ನೋಡೋರು ಯಾರು ಅಂತ ಹೇಳಲಿಲ್ಲ. ಪರದೆ ಇರೋದು ಮುಖ್ಯ ಶಿಕ್ಷಕರ ಕೋಣೆಯಲ್ಲಿ, ಆ ಹೊತ್ತಿಗೆ ಅವರದೂ ಊಟ.

ನಮ್ಮದು 380 ಮಕ್ಕಳ ಶಾಲೆ. ಶುರು ಮಾಡಿದ್ದು 600 ರೂಪಾಯಿ ಜೆರಾಕ್ಸಿನಿಂದ. ಶಾಲೆಯ ನಕ್ಷೆ ಒಂದು ಹಾಳೆಯಲ್ಲಿ, ಹೆಸರು ಬರೆಯೋ ಹಾಗಿಲ್ಲ, ತರಗತಿ ಮತ್ತು ಹುಡುಗ/ಹುಡುಗಿ ಮಾತ್ರ. ಭಯ ಆಗೋ ಜಾಗಕ್ಕೆ ಕೆಂಪು, ಪಕ್ಕದಲ್ಲಿ ಯಾವ ಹೊತ್ತು ಅಂತ. ಮೊದಲ ಸಲ ಕೆಟ್ಟಿತು. ಕ್ಲಾಸ್ ಟೀಚರೇ ಹಾಳೆ ವಾಪಸ್ ತಗೊಂಡ್ರು, ಅರ್ಧಕ್ಕರ್ಧ ಖಾಲಿ ಬಂತು. ಎರಡನೇ ಸಲ ಬೇರೆ ತರಗತಿಯ ಮೇಡಂ ಕೊಟ್ಟರು, ಬೆಂಚಿಗೆ ಒಬ್ಬರನ್ನೇ ಕೂರಿಸಿದರು, ಎಲ್ಲರಿಗೂ ಒಂದೇ ಥರದ ಸ್ಕೆಚ್ ಪೆನ್ನು, ಮಕ್ಕಳೇ ಮಡಚಿ ರಟ್ಟಿನ ಡಬ್ಬಿಗೆ ಹಾಕಿದರು. ಎಲ್ಲ ಕೆಂಪನ್ನೂ ಒಂದೇ ದೊಡ್ಡ ನಕ್ಷೆಗೆ ಇಳಿಸಿದಾಗ ಮೂರು ಜಾಗ ಎದ್ದು ಕಂಡವು: ಕುಡಿಯೋ ನೀರಿನ ನಲ್ಲಿ, ಸೈಕಲ್ ಸ್ಟ್ಯಾಂಡ್, ಹುಡುಗರ ಶೌಚಾಲಯದ ಹಿಂದಿನ ಗಲ್ಲಿ. ಮೈದಾನದಲ್ಲಿ ಏನೂ ಇಲ್ಲ. ನಾವು ಡ್ಯೂಟಿ ಹಾಕ್ತಿದ್ದದ್ದು ಮೈದಾನಕ್ಕೆ.

ನಲ್ಲಿಯ ಕಾರಣ ಬರೀ ಅಂಕಗಣಿತ. ಬಿಸಿಯೂಟ ಮುಗಿದು 380 ತಟ್ಟೆ ಒಟ್ಟಿಗೆ ತೊಳೆಯೋಕೆ ಬರುತ್ತೆ, ನಲ್ಲಿ ಆರು, ಅದರಲ್ಲಿ ಎರಡು ಸೋರ್ತವೆ. ಹಿಂದಿನವನು ತಳ್ಳುತ್ತಾನೆ, ಮುಂದಿನವನ ತಟ್ಟೆ ಕೆಸರಿಗೆ ಬೀಳುತ್ತೆ, ಅಲ್ಲಿಗೆ ಜಗಳ. 1 ಇಂಚಿನ ಸಿಪಿವಿಸಿ ಲೈನು, ಹೊಸ ಹತ್ತು ನಲ್ಲಿ, ಸಿಮೆಂಟ್ ಕಟ್ಟೆ, ಇಳಿಜಾರು ಚರಂಡಿ, 31,000 ಆಯ್ತು. ಮೊದಲು ಒತ್ತೋ ನಲ್ಲಿ ಹಾಕಿ ಕೈಸುಟ್ಟುಕೊಂಡೆವು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ನಾಲ್ಕೇ ತಿಂಗಳಲ್ಲಿ ಸ್ಪ್ರಿಂಗು ಹಿಡಿದುಕೊಳ್ತು. ಹಿತ್ತಾಳೆಯ ಅರ್ಧ ಸುತ್ತಿನದೇ ಸರಿ. ಊಟದ ಗಂಟೆಯನ್ನು 15 ನಿಮಿಷ ಒಡೆದೆವು, 8ನೇ ತರಗತಿ ಮೊದಲು. ಅಡುಗೆಯವರು ಎರಡು ಸಲ ಬಡಿಸಬೇಕು ಅಂತ ಬೇಸರ ಮಾಡ್ಕೊಂಡ್ರು, ಅದು ನ್ಯಾಯವೇ. ಬಡಿಸೋಕೆ ದಿನಾ ಇಬ್ಬರು ಶಿಕ್ಷಕರು ನಿಲ್ಲೋದು ಅಂತ ಆದ ಮೇಲೆ ಸರಿಹೋಯ್ತು.

ಗಲ್ಲಿಗೆ ಡ್ಯೂಟಿ ಅಂದರೆ ಅಲ್ಲೇ ನಿಂತಿರೋದು. ಪಾಳಿಯ ಪಟ್ಟಿಯಲ್ಲಿ "ಆವರಣ" ಅಂತ ಬರೆದರೆ ಯಾರೂ ಎಲ್ಲೂ ಇರಲ್ಲ. ಜಾಗದ ಹೆಸರು, ನಿಮಿಷ, ಬದಲಿ ಯಾರು, ಮೂರೂ ಬರೀಬೇಕು.

ಕರಿಹಲಗೆ:
ಇಷ್ಟೆಲ್ಲ ನಕ್ಷೆ ಗಿಕ್ಷೆ ಯಾಕ್ರೀ? ಬೆತ್ತ ಕೈಬಿಟ್ಟಾಗಿಂದನ ಇದು ಶುರು ಆಗೇತಿ. ಎರಡು ಏಟು ಬಿದ್ರ ಮೂರು ತಿಂಗಳು ಸುಮ್ಮನಿರ್ತಾವು. 34 ವರ್ಷದ ಸರ್ವಿಸಿನಾಗ ಕಂಡ ಮಾತಿದು. ಈಗ ಮಾಸ್ತರ ಕೈ ಎತ್ತಿದ್ರ ಕಲಂ 82 ಅಂತ ಹೆದರಸ್ತಾರು.

ಕಡತ_ಕಟ್ಟು:
82 ಅಲ್ಲ. ಬಾಲನ್ಯಾಯ ಕಾಯ್ದೆ 2015ರ 82 ಇರೋದು ಮಕ್ಕಳ ಪಾಲನಾ ಸಂಸ್ಥೆಗಳಿಗೆ, ಶಾಲೆಗಲ್ಲ. ಶಾಲೆಗೆ ಅನ್ವಯಿಸೋದು ಶಿಕ್ಷಣ ಹಕ್ಕು ಕಾಯ್ದೆ 2009ರ 17: ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡೂ ನಿಷೇಧ. ಆ ಕಾಯ್ದೆಯ ವ್ಯಾಪ್ತಿ 6ರಿಂದ 14 ವರ್ಷ, ಹಾಗಾಗಿ 9, 10ನೇ ತರಗತಿಗೆ ಏನೂ ಇಲ್ಲ ಅಂದುಕೊಳ್ಳೋರಿದ್ದಾರೆ. ಬಾಲನ್ಯಾಯ ಕಾಯ್ದೆಯ 75 ಇದೆ, 18 ತುಂಬುವ ತನಕ. ಮಗು ಯಾರ ಸುಪರ್ದಿನಲ್ಲಿದೆಯೋ ಅವರು ಹಲ್ಲೆ ಮಾಡಿದರೆ 3 ವರ್ಷದವರೆಗೆ ಜೈಲು. ಕಾನೂನು ಬಿಡಿ, ನೀವೇ ಹೇಳಿದ ಮೂರು ತಿಂಗಳ ಲೆಕ್ಕ ನೋಡಿ. ಮೂರು ತಿಂಗಳಿಗೊಮ್ಮೆ ಮತ್ತೆ ಹೊಡೀಬೇಕಾದರೆ ಅದರಿಂದ ಏನು ನಿಂತಿತು?

ಕರಿಹಲಗೆ:
ಕೋರ್ಟಿನಾಗ ಕುಂತು ಹೇಳೋದು ಸಸಾರ. 60 ಹುಡುಗರ ಮುಂದ ನಿಂತು ನೋಡ್ರಿ.

ನಲ್ಲಿ_ಸಾಲು:
60 ಹುಡುಗರ ಮುಂದೆ ನಾನು ದಿನಾ ನಿಲ್ತೀನಿ ಸರ್. ಹೊಡೆದಾಟ ಆದ ದಿನವೇ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಬರೆಸಿಕೊಳ್ಳಿ, "ಮೊದಲು ಏನಾಯ್ತು, ಯಾರಿಗೆ ಏನು ನಷ್ಟ ಆಯ್ತು, ಸರಿಮಾಡೋಕೆ ನೀನೇನು ಮಾಡ್ತೀಯ" ಇಷ್ಟೇ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈಕುಲುಕಿಸಬೇಡಿ. ಸಮಬಲದವರ ಜಗಳಕ್ಕೆ ಅದು ನಡೆದೀತು. ಒಬ್ಬನನ್ನೇ ನಾಲ್ಕು ಜನ ಸತಾಯಿಸ್ತಿದ್ದರೆ ಕೈಕುಲುಕಿದ ಸಂಜೆಯೇ ಅವನಿಗೆ ದಾರಿಯಲ್ಲಿ ಬೀಳುತ್ತೆ. ಏಳನೇ ದಿನ, ಮೂವತ್ತನೇ ದಿನ ಮತ್ತೆ ಕರೆದು ಕೇಳಬೇಕು. ಎಲ್ಲರೂ ಬಿಟ್ಟುಬಿಡೋದು ಆ ಮೂವತ್ತನೇ ದಿನವನ್ನೇ.

ಎಡಿಸನ್_ಅಪ್ಪ:
ನ್ಯೂಜೆರ್ಸಿಯಿಂದ. ಇಲ್ಲಿ ಪ್ರತಿ ಶಾಲೆಯೂ ತಿಂಗಳಿಗೆ ಒಂದು ಬೆಂಕಿ ಡ್ರಿಲ್, ಒಂದು ಭದ್ರತಾ ಡ್ರಿಲ್ ಮಾಡಲೇಬೇಕು. 2019ರಲ್ಲಿ ಬಂದ ಅಲಿಸಾ ಕಾನೂನಿನ ಪ್ರಕಾರ ಸದ್ದಿಲ್ಲದೆ ಪೊಲೀಸರಿಗೆ ತಿಳಿಸೋ ಗುಂಡಿಯೂ ಇರಬೇಕು. ನಿಮ್ಮ ದುಡ್ಡಲ್ಲಿ ಮೊದಲು ಎಲ್ಲ ತರಗತಿಯ ಬಾಗಿಲಿಗೂ ಒಳಗಿಂದ ಬೀಗ ಹಾಕಿಸಿ.

ಕಡತ_ಕಟ್ಟು:
ಅಲ್ಲಿಯ ಭಯ ಬಂದೂಕು. ಇಲ್ಲಿ ಚಿಲಕ ಹಾಕಿದ ಬಾಗಿಲೇ ಭಯ. 2004ರ ಜುಲೈ 16, ತಮಿಳುನಾಡಿನ ಕುಂಭಕೋಣಂನ ಒಂದು ಶಾಲೆ. ಅಡುಗೆಮನೆಯ ಬೆಂಕಿ ಗರಿಯ ಸೂರಿಗೆ ಹತ್ತಿ 94 ಮಕ್ಕಳು ಹೋದರು, ಇಳಿಯೋಕೆ ಇದ್ದದ್ದು ಇಕ್ಕಟ್ಟಿನ ಮೆಟ್ಟಿಲು. ಆಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಅಗ್ನಿಶಾಮಕ ಸಾಧನ ಕಡ್ಡಾಯ ಮಾಡಿತು. ಇವತ್ತಿಗೂ ಹೊರಗಿನವರು ಬರಬಾರದು ಅಂತ ಮೆಟ್ಟಿಲ ಬುಡದ ಗ್ರಿಲ್ಲಿಗೆ ಬೀಗ ಹಾಕಿ ಕೀಲಿಯನ್ನ ಪ್ಯೂನ್ ಜೇಬಲ್ಲಿ ಇಡ್ತಾರೆ. ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಎಡಿಸನ್_ಅಪ್ಪ:
ನಾನು ಹೇಳಿದ್ದು ಕೀಲಿ ಬೀಗ ಅಲ್ಲ. ಹೊರಗಿಂದ ತೆರೆಯಲ್ಲ, ಒಳಗಿಂದ ಹಿಡಿ ತಿರುಗಿಸಿದರೆ ಒಂದೇ ಸಲಕ್ಕೆ ತೆರೆದುಕೊಳ್ಳುತ್ತೆ. ಪೂರ್ತಿ ಓದದೆ ಬೈಯಬೇಡಿ.

ಕೇಬಲ್_ಕಣ್ಣು:
ಆ ಥರದ್ದು ಇಲ್ಲಿ ಒಂದಕ್ಕೆ 3,500ಕ್ಕೆ ಕಮ್ಮಿ ಇಲ್ಲ. ನಮ್ಮ ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಬೀಗದ ನಾಲಿಗೆ ತೂತಿಗೇ ಕೂರಲ್ಲ.

ಗೇಟು_ಹತ್ತಿರ:
ಡ್ರಿಲ್ ವಿಷಯ ಬಂತಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದು ಮಕ್ಕಳನ್ನೆಲ್ಲ ಹೊರಗೆ ಕಳಿಸಿದರು. ಬೆದರಿಕೆ ಹುಸಿ. ಅಂಥ ದಿನ ಕುಸಿಯೋದು ಗೇಟು. ಇಮೇಲ್ ಸುದ್ದಿ ವಾಟ್ಸಾಪಿಗೆ ಬಿದ್ದ ಹತ್ತು ನಿಮಿಷಕ್ಕೆ ಪೋಷಕರ ಗಾಡಿಗಳೇ ರಸ್ತೆ ಕಟ್ಟುತ್ತವೆ, ಅಗ್ನಿಶಾಮಕ ವಾಹನಕ್ಕೂ ದಾರಿ ಇರಲ್ಲ. ಹಾಜರಿ ಆ್ಯಪಿನಲ್ಲಿದ್ದರೆ ನೆಟ್‌ವರ್ಕ್ ಕಟ್ಟಿದಾಗ ತಲೆ ಎಣಿಸೋಕೆ ಆಗಲ್ಲ, ಕಾಗದದ ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡೇ ಟೀಚರ್ ಹೊರಗೆ ಬರಬೇಕು. ಮಗುವನ್ನು ಒಪ್ಪಿಸೋದಕ್ಕೆ ಒಂದೇ ಕಿಂಡಿ, ಕರೆದೊಯ್ಯೋರ ಸಹಿ, ಹೊತ್ತು. "ನಾನು ಚಿಕ್ಕಪ್ಪ" ಅಂದವರಿಗೆಲ್ಲ ಕೊಟ್ಟರೆ ಸಂಜೆ ಒಂದು ಮಗು ಲೆಕ್ಕಕ್ಕೆ ಸಿಗಲ್ಲ.

ಇನ್ನೊಂದು, ಪೊಲೀಸ್ ಪರಿಶೀಲನೆ. ವಾಚ್‌ಮನ್ ಕೊಟ್ಟ ಬಾಡಿಗೆ ಮನೆ ವಿಳಾಸದ ಠಾಣೆಯಲ್ಲಿ ಮಾತ್ರ ಮಾಡಿಸಿ ಸುಮ್ಮನಾಗಬೇಡಿ, ಸ್ವಂತ ಊರಿನ ಠಾಣೆಯದೂ ಬೇಕು. ಗುತ್ತಿಗೆ ಏಜೆನ್ಸಿ ಜನ ಬದಲಾಯಿಸಿದಾಗಲೆಲ್ಲ ಹೊಸದಾಗಿ. ದೂರು ಪೆಟ್ಟಿಗೆಯನ್ನು ಮುಖ್ಯ ಶಿಕ್ಷಕರ ಬಾಗಿಲ ಪಕ್ಕ ಹಾಕಿದರೆ ಒಂದು ಚೀಟಿಯೂ ಬೀಳಲ್ಲ. ನೀರಿನ ಕೋಣೆ, ಗ್ರಂಥಾಲಯ, ಹುಡುಗಿಯರ ಶೌಚಾಲಯದ ಓಣಿ, ಇಂಥಲ್ಲಿ ಹಾಕಿ. ಎರಡು ಕೀಲಿ, ಒಂದು ಶಾಲೆಯ ಹೊರಗಿನವರ ಹತ್ತಿರ. ಮಕ್ಕಳ ಸಹಾಯವಾಣಿ 1098 ಅನ್ನೋದನ್ನು ಪೆಟ್ಟಿಗೆ ಮೇಲೇ ದಪ್ಪ ಅಕ್ಷರದಲ್ಲಿ ಬರೆಸಿ.

ತಾಲ್ಲೂಕು_ಹೈಸ್ಕೂಲು:
ಪೆಟ್ಟಿಗೆಯಲ್ಲಿ ಹೊಡೆದಾಟಕ್ಕಿಂತ ಗಂಭೀರವಾದ್ದು ಬಂದರೆ? ಮೊದಲು ನಾವೇ ಸಮಿತಿ ಮಾಡಿ ವಿಚಾರಿಸಿ, 24 ಗಂಟೆಯೊಳಗೆ ಠಾಣೆಗೆ ಹೇಳಿದರೆ ಸಾಕು ಅಂತ ಇಲ್ಲೊಬ್ಬರು ಅಂದ್ರು.

ಕಡತ_ಕಟ್ಟು:
ಅದು ತಪ್ಪು, ದಯವಿಟ್ಟು ಅವರಿಗೂ ತಿಳಿಸಿ. ಆ 24 ಗಂಟೆ ಪೊಲೀಸರಿಗೆ ಕೊಟ್ಟ ಗಡುವು, ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡೋಕೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) 2012ರ ಕಲಂ 19 ನಿಮಗೆ ಯಾವ ಗಂಟೆಯನ್ನೂ ಕೊಟ್ಟಿಲ್ಲ. ಗೊತ್ತಾದ ಕೂಡಲೇ ಸ್ಥಳೀಯ ಠಾಣೆಗೋ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೋ ತಿಳಿಸಬೇಕು. ಶಂಕೆ ಇದ್ದರೂ ಸಾಕು, ರುಜುವಾತು ನಿಮ್ಮ ಕೆಲಸವಲ್ಲ. ಸಿಬ್ಬಂದಿಯೇ ಆರೋಪಿಯಾಗಿದ್ದು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಕಲಂ 21ರಲ್ಲಿ ಅವರಿಗೇ 1 ವರ್ಷದವರೆಗೆ ಜೈಲು.

ಸಮಿತಿ ಮುಂದೆ ಮಗುವನ್ನು ಕೂರಿಸೋದು ಬೇಡ. ಐದು ಜನ ಐದು ಸಲ ಕೇಳಿದರೆ ಮಗು ಪ್ರತಿ ಸಲ ಸ್ವಲ್ಪ ಬದಲಾಯಿಸಿ ಹೇಳುತ್ತೆ, ಆ ಬದಲಾವಣೆಯನ್ನೇ ಹಿಡಿದು ಮುಂದೆ ಎದುರು ವಕೀಲರು ಎಳೀತಾರೆ. ಮಗು ಯಾರ ಹತ್ತಿರ ಬಾಯಿಬಿಟ್ಟಿತೋ ಅವರೊಬ್ಬರೇ, ಬಾಗಿಲು ಓರೆ ತೆರೆದಿಟ್ಟು, ಮಗುವಿನ ಎತ್ತರಕ್ಕೆ ಕೂತು ಕೇಳಲಿ. "ಅವರು ಹಿಂಗೆ ಮಾಡಿದ್ರಾ?" ಅಂತ ಕೇಳಬಾರದು. "ಆಮೇಲೆ?" ಅಂದರೆ ಸಾಕು. ಮಗು ಬಳಸಿದ ಪದವನ್ನೇ ಬರೆಯಿರಿ. ಮೈಯ ಭಾಗಕ್ಕೆ ಮನೆಯಲ್ಲಿ ಹೇಳೋ ಮುದ್ದಿನ ಹೆಸರು ಹೇಳಿದ್ದರೆ ಅದನ್ನೇ, ಗ್ರಂಥದ ಪದಕ್ಕೆ ತಿದ್ದಬೇಡಿ. ತಾರೀಕು, ಹೊತ್ತು, ಸಹಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಹೇಳಲೇಬೇಕಾಗುತ್ತೆ. ಹೇಳಿಕೆ ತಗೊಳ್ಳೋಕೆ ಬರೋ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು ಅಂತ ಕಲಂ 24ರಲ್ಲೇ ಇದೆ. ಠಾಣೆಗೆ ಫೋನ್ ಮಾಡುವಾಗಲೇ ನೆನಪಿಸಿ.

ಕರಿಹಲಗೆ:
ಇದೊಂದು ಮಾತು ಒಪ್ಪಿದೆ. ಬೆತ್ತದ್ದು ಒಪ್ಪಂಗಿಲ್ಲ.

ಕೇಬಲ್_ಕಣ್ಣು:
ಶೌಚಾಲಯದ ಗಲ್ಲಿಗೆ ಒಂದು ಕ್ಯಾಮೆರಾನಾದ್ರೂ ಇರಲಿ, ಬಾಗಿಲ ಕಡೆ ತಿರುಗಿಸದೆ ಗಲ್ಲಿಯ ಬಾಯಿ ಕಡೆ.

ನಲ್ಲಿ_ಸಾಲು:
ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲು ಗಲ್ಲಿಯ ಹಿಂದಿನ ಆರಡಿ ಗೋಡೆ ಮೂರಡಿಗೆ ಇಳಿಸಿ, ಮೆಟ್ಟಿಲ ಕಡೆಯಿಂದ ಕಾಣೋ ಹಾಗೆ. ಒಡೆಯೋಕೆ ಒಂದು ದಿನದ ಕೂಲಿ, ಇಬ್ಬರು ಆಳು.

ತಾಲ್ಲೂಕು_ಹೈಸ್ಕೂಲು:
ಇವತ್ತು ನಲ್ಲಿ ಎಣಿಸಿದೆ. 420 ಮಕ್ಕಳಿಗೆ ಏಳು. ಕೈವಾರದ ಜಗಳ ಆದದ್ದೂ ಅಲ್ಲೇ. ಸೋಮವಾರ ನಕ್ಷೆ ಹಾಳೆ ಹಂಚ್ತೀವಿ, ಪ್ಲಂಬರ್ ಮಂಗಳವಾರ ಬರ್ತಾರೆ. ಉಳಿದ ದುಡ್ಡಲ್ಲಿ ನಾಲ್ಕು ಕ್ಯಾಮೆರಾ, ಗೇಟು ಮತ್ತು ಗಲ್ಲಿಗೆ. ಮಧ್ಯೆ ಫೈಬರ್ ಎಳೆಸಿಯೇ.