ಎಪಿಕ್‌ನಲ್ಲಿ ಮಾತ್ರ ಬರೋ ಗೇಮ್: ಈಗಲೇ ಕೊಳ್ಳೋದಾ, ಸ್ಟೀಮ್‌ಗೆ ಬರೋ ತನಕ ಕಾಯೋದಾ?

ಕಿನ್ನಾಳಗೊಂಬೆ (ಕೊಪ್ಪಳ)

ಎಪಿಕ್, ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಯೊಳಗ ಪಿಸಿ ಗೇಮ್ ಖರೀದಿ ಬಗ್ಗೆ ತಿಳಿದವರು ಸ್ವಲ್ಪ ಬಿಡಿಸಿ ಹೇಳ್ರಿ. ವರ್ಷಕ್ಕೆ ಗೇಮ್‌ಗೆ ಅಂತ ತೆಗೆದಿಟ್ಟಿರೋದು 4,000 ರೂಪಾಯಿ. ಹೊಸ ದೊಡ್ಡ ಗೇಮ್ ಬಿಡುಗಡೆ ದಿನವೇ ತಗೊಂಡ್ರ ಒಂದಕ್ಕೇ ಮುಗೀತದ. ಎಪಿಕ್ ಕಮಿಷನ್ ಕಡಿಮೆ ತಗೋತದ ಅಂತಾರ, ಮತ್ತ ಬೆಲೆ ಯಾಕ ಇಳಿಯೋದಿಲ್ಲ? ಒಂದೇ ಸ್ಟೋರಿಗೆ ಬಂದ ಗೇಮ್ ಇನ್ನೊಂದಕ್ಕ ಬರೋದು ಖಾತ್ರಿ ಇರ್ತದೇನು? ತಗೊಂಡ ಮೇಲೆ ಪಿಸಿಯೊಳಗ ಸರಿಯಾಗಿ ಓಡದಿದ್ರ ರೊಕ್ಕ ವಾಪಸ್ ಬರ್ತದೇನು?

ಇನ್ನೊಂದು. ಕೊಪ್ಪಳದ ಮನೆಯೊಳಗ 40 ಎಂಬಿಪಿಎಸ್ ಫೈಬರ್ ಅದ. ಯಲಬುರ್ಗಾ ಕಡೆ ಹಳ್ಳಿಯಲ್ಲಿರೋ ತಮ್ಮನ ಪಿಸಿಗೆ ದಿನಕ್ಕ 2 ಜಿಬಿ ಮೊಬೈಲ್ ಡೇಟಾ ಮಾತ್ರ. ರೆಡ್ ಡೆಡ್ ರಿಡೆಂಪ್ಷನ್ 2 ಅಲ್ಲಿಗೆ ಮುಟ್ಟಿಸೋದು ಹೆಂಗ?

ಮಿಂಚೇರಿಗುಡ್ಡ (ಬಳ್ಳಾರಿ)

ಮೊದಲ ಪ್ರಶ್ನೆಗೆ. ಸ್ಟೀಮ್ ಮಾರಾಟದ ಹಣದಲ್ಲಿ 30% ಹಿಡಿದುಕೊಳ್ಳುತ್ತದೆ. ಒಂದು ಗೇಮ್ 1 ಕೋಟಿ ಡಾಲರ್ ದಾಟಿದರೆ ಮುಂದಿನ ಮಾರಾಟಕ್ಕೆ 25%, 5 ಕೋಟಿ ದಾಟಿದರೆ 20%. ಎಪಿಕ್ 2018ರ ಡಿಸೆಂಬರ್‌ನಲ್ಲಿ ಅಂಗಡಿ ತೆರೆದಾಗಿನಿಂದ 12% ತೆಗೆದುಕೊಳ್ಳುತ್ತಿದೆ. 2025ರ ಜೂನ್‌ನಿಂದ ಪ್ರತಿ ಗೇಮ್‌ನ ವರ್ಷದ ಮೊದಲ 10 ಲಕ್ಷ ಡಾಲರ್‌ಗೆ ಏನೂ ಇಲ್ಲ. ಆದರೆ ಬೆಲೆ ಕಟ್ಟುವವರು ಪ್ರಕಾಶಕರು, ಅಂಗಡಿಯವರಲ್ಲ. 30ಕ್ಕೂ 12ಕ್ಕೂ ನಡುವಿನ ಆ 18% ಪ್ರಕಾಶಕರ ಜೇಬಿಗೆ ಹೋಗುತ್ತದೆ. ಮೆಟ್ರೊ ಎಕ್ಸೋಡಸ್ ಒಂದು ಅಪವಾದ: ಎಪಿಕ್‌ನಲ್ಲಿ 60 ಡಾಲರ್ ಬದಲು 50ಕ್ಕೆ ಕೊಟ್ಟರು, ಅದೂ ಅಮೆರಿಕದಲ್ಲಿ. ಆ ದಾರಿ ಹೆಚ್ಚಿನವರು ಹಿಡಿಯಲಿಲ್ಲ.

ಎಕ್ಸ್‌ಕ್ಲೂಸಿವ್, ಅಂದರೆ ಒಂದೇ ಅಂಗಡಿಗೆ ಮೀಸಲು ಅನ್ನುವುದರಲ್ಲಿ ಎರಡು ಜಾತಿ ಇವೆ, ಅವನ್ನು ಒಂದೇ ತಕ್ಕಡಿಯಲ್ಲಿ ಇಡಬಾರದು. ಆಲನ್ ವೇಕ್ 2ಕ್ಕೆ ಎಪಿಕ್ ತಾನೇ ಬಂಡವಾಳ ಹಾಕಿ ಪ್ರಕಟಿಸಿತು, 2023ರ ಅಕ್ಟೋಬರ್‌ನಲ್ಲಿ. ದುಡ್ಡು ಹಾಕಿದವರು ತಮ್ಮ ಅಂಗಡಿಯಲ್ಲೇ ಇಟ್ಟುಕೊಂಡರೆ ತಪ್ಪು ಹುಡುಕುವುದು ಕಷ್ಟ. ಅಂಥದ್ದು ಸ್ಟೀಮ್‌ಗೆ ಬಂದೀತು ಅಂತ ಕಾಯುವುದರಲ್ಲಿ ಅರ್ಥವಿಲ್ಲ, ಬೇಕಿದ್ದರೆ ಎಪಿಕ್‌ನಲ್ಲೇ ಸೇಲ್ ನೋಡಿ ತೆಗೆದುಕೊಳ್ಳಿ. ಮೆಟ್ರೊ ಎಕ್ಸೋಡಸ್ ಹಾಗಲ್ಲ. ಸ್ಟೀಮ್‌ನಲ್ಲಿ ಮುಂಗಡ ಮಾರುತ್ತಿದ್ದದ್ದನ್ನು ಬಿಡುಗಡೆಗೆ ಮೂರು ವಾರವೂ ಇಲ್ಲದಾಗ ಅಲ್ಲಿಂದ ಎತ್ತಿದರು. ಮುಂಗಡ ಕೊಟ್ಟವರಿಗೆ ಸ್ಟೀಮ್‌ನಲ್ಲೇ ಸಿಕ್ಕಿತು ನಿಜ, ಉಳಿದವರು 2020ರ ಫೆಬ್ರವರಿ ತನಕ ಕಾಯಬೇಕಾಯಿತು. ಕೊಳ್ಳುವವನ ಕಣ್ಣಿಂದ ನೋಡಿದರೆ ಇದು ಅನ್ಯಾಯವೇ.

ಈ ಎರಡನೇ ಜಾತಿಗೆ ಗಡುವು ಇರುತ್ತದೆ. ಬಾರ್ಡರ್‌ಲ್ಯಾಂಡ್ಸ್ 3: ಎಪಿಕ್‌ಗೆ 2019ರ ಸೆಪ್ಟೆಂಬರ್, ಸ್ಟೀಮ್‌ಗೆ 2020ರ ಮಾರ್ಚ್. ನೀವು ಕೇಳಿದ ರೆಡ್ ಡೆಡ್ 2 ಕನ್ಸೋಲ್‌ಗೆ 2018ರ ಅಕ್ಟೋಬರ್ 26, ಎಪಿಕ್‌ಗೆ ಮತ್ತು ಅದನ್ನು ಮಾಡಿದ ರಾಕ್‌ಸ್ಟಾರ್ ಕಂಪನಿಯ ಸ್ವಂತ ಲಾಂಚರ್‌ಗೆ (ಗೇಮ್ ತೆರೆಯುವ ಆ್ಯಪ್) 2019ರ ನವೆಂಬರ್ 5, ಸ್ಟೀಮ್‌ಗೆ ಡಿಸೆಂಬರ್ 5. ಆರು ತಿಂಗಳು, ವರ್ಷ ಕಾದರೆ ಸಾಕು. ಅಷ್ಟರಲ್ಲಿ ದೋಷ ತಿದ್ದುವ ಪ್ಯಾಚ್‌ಗಳೂ ಬಂದಿರುತ್ತವೆ, ಮೊದಲ ಸೇಲ್ ಕೂಡ ಆಗಿರುತ್ತದೆ. ಸೋನಿ ಗೇಮ್‌ಗಳ ಲೆಕ್ಕ ಬೇರೆ: ಘೋಸ್ಟ್ ಆಫ್ ಸುಶಿಮಾ 2020ರ ಜುಲೈನಲ್ಲಿ ಪಿಎಸ್4ಗೆ ಬಂದದ್ದು ಪಿಸಿಗೆ ತಲುಪಿದ್ದು 2024ರ ಮೇ 16ಕ್ಕೆ.

ಸೋನಾಮಸೂರಿ (ಕಾರಟಗಿ)

ಮಿಂಚೇರಿಯವರ ಮಾತು ಸರಿ, ಆದ್ರ ನನ್ನ ಪ್ರಕಾರ ಅಂಗಡಿ ಆರಿಸೋಕೆ ಎಕ್ಸ್‌ಕ್ಲೂಸಿವ್ ಮುಖ್ಯ ಅಲ್ಲ, ರೀಫಂಡ್ ಮುಖ್ಯ. 4,000 ರೂಪಾಯಿ ಬಜೆಟ್‌ನವರಿಗೆ ಒಂದು ತಪ್ಪು ಖರೀದಿ ಅಂದ್ರ ಅರ್ಧ ವರ್ಷ ಹೋದಂಗ.

ಸ್ಟೀಮ್ ಮತ್ತು ಎಪಿಕ್ ಎರಡರಲ್ಲೂ 14 ದಿನದೊಳಗ, 2 ತಾಸಿಗಿಂತ ಕಡಿಮೆ ಆಡಿದ್ರ ವಾಪಸ್. ಜಿಒಜಿ ಅನ್ನೋ ಇನ್ನೊಂದು ಅಂಗಡಿಯೊಳಗ 30 ದಿನ, ಆಡಿದ್ರೂ ನಡೀತದ. ಜತೆಗೆ ಡಿಆರ್‌ಎಂ (ಕಾಪಿ ತಡೆಯೋ ಬೀಗ) ಇಲ್ಲದ ಆಫ್‌ಲೈನ್ ಇನ್‌ಸ್ಟಾಲರ್ ಡೌನ್‌ಲೋಡ್ ಮಾಡಿ ಹಾರ್ಡ್‌ಡಿಸ್ಕ್‌ನಾಗ ಇಟ್ಕೋಬಹುದು. ಸ್ಟೀಮ್‌ನಾಗ ನೀವು ಕೊಳ್ಳೋದು ಲೈಸೆನ್ಸ್, ಅಂದ್ರ ಆಡೋ ಅನುಮತಿ ಮಾತ್ರ. 2024ರಿಂದ ಕಾರ್ಟ್ ಪುಟದಲ್ಲೇ ಹಂಗಂತ ಬರೀತಾರ. ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕ ದಿ ಕ್ರೂ ಅನ್ನೋ ಕಾರ್ ರೇಸ್ ಗೇಮ್‌ನ ಸರ್ವರ್ ಮುಚ್ಚಿದಾಗ ರೊಕ್ಕ ಕೊಟ್ಟವರಿಗೂ ಆ ಗೇಮ್ ಓಡದಂಗ ಆಯ್ತು. ಒಬ್ಬರೇ ಆಡೋ ಗೇಮ್ ಜಿಒಜಿಯೊಳಗ ಇದ್ರ ಮೊದಲು ಅಲ್ಲೇ ನೋಡ್ರಿ.

ಆ 2 ತಾಸು ಹೆಂಗ ಎಣಿಸ್ತಾರ ಅನ್ನೋದರೊಳಗ ಬಹಳ ಮಂದಿ ಎಡವ್ತಾರ. ಡೌನ್‌ಲೋಡ್ ಸಮಯ ಲೆಕ್ಕಕ್ಕಿಲ್ಲ. ಆದ್ರ ಗೇಮ್ ತೆರೆದ ಮೇಲೆ ಶೇಡರ್ ಕಂಪೈಲ್ (ಗ್ರಾಫಿಕ್ಸ್ ಸಿದ್ಧ ಮಾಡ್ಕೊಳ್ಳೋದು) ಅಂತ ಇಪ್ಪತ್ತು ನಿಮಿಷ ಕೂತ್ರ ಅದೂ ಲೆಕ್ಕ. ಮೆನುವಿನಲ್ಲಿ ಬಿಟ್ಟು ಊಟಕ್ಕ ಹೋದ್ರ ಅದೂ ಲೆಕ್ಕ. ಡೀಲಕ್ಸ್ ಎಡಿಷನ್‌ಗೆ ಮೂರು ದಿನ ಮೊದಲೇ ಆಡೋ ಅವಕಾಶ ಕೊಡ್ತಾರಲ್ಲ, 2024ರ ಏಪ್ರಿಲ್‌ನಿಂದ ಅದೂ ಲೆಕ್ಕ. ಹಂಗಾಗಿ ಕಥೆ ಬಿಟ್ಟು ಮೊದಲು ಜನ ಗಿಜಿಗುಡೋ ಜಾಗ, ಮಳೆ, ರಾತ್ರಿ, ಇಂಥ ದೃಶ್ಯಕ್ಕ ಹೋಗಿ ಫ್ರೇಮ್ ರೇಟ್ (ಚಿತ್ರ ಎಷ್ಟು ಸರಾಗ ಓಡ್ತದ ಅನ್ನೋದು) ನೋಡ್ರಿ. ಒಂದು ತಾಸಿನೊಳಗ ತೀರ್ಮಾನ ಮಾಡ್ರಿ.

ವಾಪಸ್ ಕೇಳೋದು: ಸ್ಟೀಮ್‌ನಾಗ ಹೆಲ್ಪ್, ಸ್ಟೀಮ್ ಸಪೋರ್ಟ್, ಪರ್ಚೇಸಸ್, ಗೇಮ್ ಆರಿಸಿ ರೀಫಂಡ್. ಸ್ಟೀಮ್ ವಾಲೆಟ್‌ಗೆ ಬೇಕೋ, ಕಟ್ಟಿದ ಖಾತೆಗೇ ಬೇಕೋ ಅಂತ ಕೇಳ್ತದ. ಒಪ್ಪಿದ ಮೇಲೆ ಸಾಮಾನ್ಯವಾಗಿ ವಾರದೊಳಗ ಬರ್ತದ. ಕೊಂಡ ಮರುದಿನವೇ ಸೇಲ್ ಶುರುವಾದ್ರ ಹಳೇದು ವಾಪಸ್ ಕೊಟ್ಟು ಕಡಿಮೆ ಬೆಲೆಗೆ ಮತ್ತೆ ತಗೊಳ್ರಿ. ಇದನ್ನ ದುರುಪಯೋಗ ಅಂತ ಎಣಿಸೋದಿಲ್ಲ ಅಂತ ಸ್ಟೀಮ್ ನಿಯಮದೊಳಗೇ ಬರೆದದ.

ಸೇಲ್ ಹಾಕಿದ ಮಾತ್ರಕ್ಕ ಅಗ್ಗ ಅಂತಲ್ಲ. ಸ್ಟೀಮ್ ಬೆಲೆಗಳ ದಾಖಲೆ ಇಡೋ ಸ್ಟೀಮ್‌ಡಿಬಿ ಸೈಟ್‌ನೊಳಗ ಗೇಮ್ ಹೆಸರು ಹಾಕಿ, ಕರೆನ್ಸಿ ರೂಪಾಯಿ ಇಟ್ಟು, ಹಿಂದಿನ ಅತಿ ಕಡಿಮೆ ಬೆಲೆ ಎಷ್ಟಿತ್ತು ನೋಡ್ರಿ. ರೆಡ್ ಡೆಡ್ 2 ಎಷ್ಟೋ ಸಲ 75% ಇಳಿದದ. 50% ಕಂಡು ಕೈಹಾಕಬ್ಯಾಡ್ರಿ. ಜೂನ್ ಕೊನೆಗೆ ಬೇಸಿಗೆ ಸೇಲ್, ಡಿಸೆಂಬರ್ ಕೊನೆಗೆ ಚಳಿಗಾಲದ್ದು, ಇವೆರಡೇ ದೊಡ್ಡವು.

ಅರ್ಧ ಬೆಲೆಗೆ ಕೀ (ಗೇಮ್ ತೆರೆಯೋ ಕೋಡ್) ಮಾರೋ ಬಿಡಿ ಅಂಗಡಿಗಳ ಹತ್ರ ಹೋಗಬ್ಯಾಡ್ರಿ. ಕದ್ದ ಕಾರ್ಡ್‌ನಿಂದ ಕೊಂಡ ಕೀ ಆಗಿದ್ರ ಪ್ರಕಾಶಕರು ರದ್ದು ಮಾಡ್ತಾರ, ಬೇರೆ ದೇಶದ್ದಾದ್ರ ಇಲ್ಲಿ ತೆರೆಯೋದೇ ಇಲ್ಲ. ಎರಡರಲ್ಲೂ ಸ್ಟೀಮ್ ರೀಫಂಡ್ ಇಲ್ಲ. ವಿಪಿಎನ್ ಹಾಕಿ ಬೇರೆ ದೇಶದ ಬೆಲೆಗೆ ಕೊಳ್ಳೋದು ಖಾತೆಗೇ ಕುತ್ತು.

ಕೋಟೆಬಾಗಿಲು (ಬಳ್ಳಾರಿ)

ಪಿಎಸ್5 ಇದ್ದವರಿಗೆ ಒಂದು ಮಾತು. ಡಿಜಿಟಲ್ ಎಡಿಷನ್ ತೆಗೆದುಕೊಂಡರೆ ಕೊಳ್ಳಲು ಒಂದೇ ಅಂಗಡಿ, ಪ್ಲೇಸ್ಟೇಷನ್ ಸ್ಟೋರ್. ಡಿಸ್ಕ್ ಡ್ರೈವ್ ಇರುವುದಾದರೆ ಆಡಿ ಮುಗಿಸಿ ಮಾರಬಹುದು, ಅದಲು ಬದಲು ಮಾಡಬಹುದು. ದೊಡ್ಡ ಗೇಮ್‌ಗೆ ಮೊದಲ ದಿನ 4,999 ಕೊಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೂ ಪೆಟ್ಟಿಗೆಯ ಹಿಂಭಾಗ ಓದಿ, ಒಳಗೆ ಡಿಸ್ಕ್ ಇಲ್ಲದೆ ಕೋಡ್ ಮಾತ್ರ ಇಡುವ ಗೇಮ್‌ಗಳೂ ಇವೆ. ಆಲನ್ ವೇಕ್ 2 ಮೊದಲ ಒಂದು ವರ್ಷ ಡಿಸ್ಕ್‌ನಲ್ಲಿ ಬರಲೇ ಇಲ್ಲ.

ರಾಯಚೂರುಹತ್ತಿ (ರಾಯಚೂರು)

ಯಲಬುರ್ಗಾ ಕಡೆ ಪಿಸಿ ಬಗ್ಗೆ. ಲೆಕ್ಕ ಮೊದಲು ನೋಡ್ರಿ. ರೆಡ್ ಡೆಡ್ 2 ಕೇಳುವ ಜಾಗ 150 ಜಿಬಿ. ದಿನಕ್ಕೆ 2 ಜಿಬಿಯಂತೆ 75 ದಿನ. ರೀಫಂಡ್ ಅವಧಿ 14 ದಿನ, ಅಷ್ಟರಲ್ಲಿ ಇಳಿಯುವುದು 28 ಜಿಬಿ. ಗೇಮ್ ತೆರೆದು ನೋಡುವ ಮೊದಲೇ ವಾಪಸ್ ಕೊಡುವ ಹಕ್ಕು ಮುಗಿದಿರುತ್ತದೆ. 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 5 ಎಂಬಿ, ಕೊಪ್ಪಳದಲ್ಲಿ ಎಂಟು ತಾಸು ಇಪ್ಪತ್ತು ನಿಮಿಷ. ಅಲ್ಲಿ ಇಳಿಸಿ ಹೊತ್ತುಕೊಂಡು ಹೋಗುವುದೇ ದಾರಿ.

ಎಕ್ಸ್‌ಟರ್ನಲ್ ಡ್ರೈವ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿರಬೇಕು. ಫ್ಯಾಟ್32 ಆದರೆ 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ, ದೊಡ್ಡ ಗೇಮ್‌ಗಳಲ್ಲಿ ಅಂಥ ಫೈಲ್ ಇದ್ದೇ ಇರುತ್ತವೆ. ಸ್ಟೀಮ್ ಪೂರ್ತಿ ಮುಚ್ಚಿ, ಸ್ಟೀಮ್‌ಆ್ಯಪ್ಸ್ ಫೋಲ್ಡರ್‌ನ ಕಾಮನ್ ಒಳಗಿರುವ ಗೇಮ್ ಫೋಲ್ಡರ್ ಕಾಪಿ ಮಾಡಿ. ಸ್ಟೀಮ್‌ಆ್ಯಪ್ಸ್‌ನಲ್ಲೇ ಆ್ಯಪ್‌ಮ್ಯಾನಿಫೆಸ್ಟ್ ಅಂತ ಶುರುವಾಗಿ 1174180 ಸಂಖ್ಯೆ ಇರುವ ಫೈಲನ್ನೂ ತೆಗೆದುಕೊಳ್ಳಿ. ಹಳ್ಳಿಯ ಪಿಸಿಯಲ್ಲಿ ಎರಡನ್ನೂ ಅದೇ ಜಾಗಕ್ಕೆ ಹಾಕಿ ಸ್ಟೀಮ್ ತೆರೆಯಿರಿ. ಆಮೇಲೆ ಗೇಮ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ. ಕೆಟ್ಟ ತುಣುಕು ಇದ್ದರೆ ಅಷ್ಟನ್ನೇ ಇಳಿಸುತ್ತದೆ. ಕಾಪಿ ಮಧ್ಯೆ ಕರೆಂಟ್ ಹೋಗಿದ್ದರೆ ಈ ಹೆಜ್ಜೆ ಬಿಡಲೇಬೇಡಿ.

ಎಪಿಕ್ ಹೀಗೆ ಒಪ್ಪುವುದಿಲ್ಲ. ಅಲ್ಲಿ ಹೊಸ ಪಿಸಿಯಲ್ಲಿ ಇನ್‌ಸ್ಟಾಲ್ ಒತ್ತಿ 1–2% ಇಳಿಯಲು ಬಿಟ್ಟು, ಡೌನ್‌ಲೋಡ್ ತಡೆದು (ಪಾಜ್ ಮಾಡಿ), ಲಾಂಚರ್ ಮುಚ್ಚಿ. ತಂದ ಫೈಲ್‌ಗಳನ್ನು ಆ ಫೋಲ್ಡರ್ ಮೇಲೆ ಹಾಕಿ, ಮತ್ತೆ ತೆರೆದು ರೆಸ್ಯೂಮ್ ಒತ್ತಿ. ಇದ್ದದ್ದನ್ನು ಪರೀಕ್ಷಿಸಿ ಮುಂದೆ ಹೋಗುತ್ತದೆ.

ಪಿಸಿಯನ್ನೇ ಕೊಪ್ಪಳಕ್ಕೆ ತರುವುದಾದರೆ ಸ್ಟೀಮ್ ಸೆಟ್ಟಿಂಗ್ಸ್, ಡೌನ್‌ಲೋಡ್ಸ್‌ನಲ್ಲಿ ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್ ಇದೆ, ಅಂದರೆ ಒಂದೇ ರೌಟರ್‌ನಲ್ಲಿರುವ ಒಂದು ಪಿಸಿಯಿಂದ ಇನ್ನೊಂದಕ್ಕೆ ಗೇಮ್ ಕಳಿಸುವುದು. ಇಬ್ಬರ ಖಾತೆ ಬೇರೆ ಇದ್ದರೆ ಕಳಿಸುವ ಪಿಸಿಯಲ್ಲಿ ಫ್ರೆಂಡ್ಸ್ ಅಂತ ಇಡಿ. ಅಗ್ಗದ ರೌಟರ್‌ಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್ ಮಾತ್ರ, ಅದರಲ್ಲಿ ಮೂರು ತಾಸಿಗೂ ಹೆಚ್ಚು ಹಿಡಿಯುತ್ತದೆ. ಯುಎಸ್‌ಬಿ 3 ಡ್ರೈವ್ ಅದಕ್ಕಿಂತ ವೇಗ.

ಕಿನ್ನಾಳಗೊಂಬೆ (ಕೊಪ್ಪಳ)

ಉಪಕಾರ ಆಯ್ತು. ಸ್ಟೀಮ್ ಫ್ಯಾಮಿಲಿಗೆ ತಮ್ಮನ ಖಾತೆ ಸೇರಿಸಿದ್ರ ಒಂದೇ ಪ್ರತಿ ಇಬ್ಬರಿಗೂ ಸಾಕಾಗ್ತದೇನು?

ಸೋನಾಮಸೂರಿ (ಕಾರಟಗಿ)

ಆಗಬಹುದು, ಆದ್ರ ಒಂದು ಪ್ರತಿಯನ್ನ ಒಂದೇ ಹೊತ್ತಿಗೆ ಇಬ್ಬರೂ ಆಡೋಕಾಗೋದಿಲ್ಲ. ನಿಮ್ಮದು ಬೇರೆ ಗೇಮ್, ಅವನದು ಬೇರೆ ಆದ್ರ ತೊಂದರೆ ಇಲ್ಲ. ಒಟ್ಟು ಆರು ಮಂದಿಗೆ ಜಾಗ, ಒಂದೇ ಮನೆಯವರಿಗೆ ಅಂತ ನಿಯಮ, ತಮ್ಮ ಬೇರೆ ಊರಾಗ ಇರೋದ್ರಿಂದ ಇದನ್ನ ಗಮನಿಸ್ರಿ. ಬಿಟ್ಟು ಹೋದವರು ಸೇರಿದ ದಿನದಿಂದ ವರ್ಷ ತುಂಬೋ ತನಕ ಬೇರೆ ಫ್ಯಾಮಿಲಿಗೆ ಸೇರೋ ಹಂಗಿಲ್ಲ. ನಿಮ್ಮ ಪ್ರತಿಯೊಳಗ ಅವನು ಚೀಟ್ ಮಾಡಿ ಸಿಕ್ಕಿಬಿದ್ರ ಆ ಗೇಮ್‌ನಾಗ ನಿಮಗೂ ಬ್ಯಾನ್ ಬೀಳ್ತದ. ಎಲ್ಲ ಗೇಮ್ ಹಂಚಿಕೆಗೆ ಬರೋದಿಲ್ಲ, ಅದಕ್ಕ ರೊಕ್ಕ ಕಟ್ಟೋ ಮೊದಲು ಸ್ಟೋರ್ ಪುಟದ ಬಲಗಡೆ ಪಟ್ಟಿಯೊಳಗ ಫ್ಯಾಮಿಲಿ ಶೇರಿಂಗ್ ಅಂತ ಅದನೋ ಇಲ್ಲೋ ನೋಡ್ಕೊಳ್ರಿ. ರೆಡ್ ಡೆಡ್ 2ಕ್ಕ ರಾಕ್‌ಸ್ಟಾರ್ ಲಾಂಚರ್ ಬೇರೆ ಬೇಕು, ಮೊದಲ ಸಲ ಆನ್‌ಲೈನ್ ಆಗೇ ತೆರೀಬೇಕು. ಹಳ್ಳಿಯೊಳಗ ಅದನ್ನ ಮೊಬೈಲ್ ಡೇಟಾದಾಗ ಒಮ್ಮೆ ತೆರೆದು, ಗೇಮ್ ಪೂರ್ತಿ ಶುರುವಾದದ್ದು ನೋಡಿ, ಆಮೇಲೆ ಸ್ಟೀಮ್ ಮೆನುವಿನಾಗ ಗೋ ಆಫ್‌ಲೈನ್ ಒತ್ರಿ.