‘ಸಿಯೆನ್ ಆನ್ಯೋಸ್ ದೆ ಸೊಲೆದಾದ್’ ಮೂಲದಲ್ಲೇ ಓದುವುದು ಹೇಗೆ?

ಪ್ರಶ್ನೆ: ನನ್ನ ಸ್ಪ್ಯಾನಿಷ್ ಬಿ1 (ಮಧ್ಯಮ) ಮಟ್ಟದಲ್ಲಿದೆ. ಗೇಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರ ಈ ಕಾದಂಬರಿಯನ್ನು (‘ನೂರು ವರ್ಷಗಳ ಏಕಾಂತ’, 1967) ಮೂಲದಲ್ಲೇ ಓದುವ ಆಸೆ. ಪದಗಳ ಅರ್ಥ ನಿಘಂಟಿನಲ್ಲಿ ಸಿಗುತ್ತದೆ, ಆದರೂ ಪುಟ ಮುಗಿದ ಮೇಲೆ ಏನಾಯಿತು, ಯಾರಿಗಾಯಿತು ಎನ್ನುವುದು ಕೈಗೆ ಹತ್ತುವುದಿಲ್ಲ. ಏನು ಮಾಡಬೇಕು?

ಉತ್ತರ 1: ನಿಮ್ಮನ್ನು ದಾರಿ ತಪ್ಪಿಸುತ್ತಿರುವುದು ಕರ್ತೃಪದ. ಕನ್ನಡದಲ್ಲಿ ‘ಹೋದಳು’ ಅಂದರೆ ಸಾಕು, ಹೋದದ್ದು ಹೆಂಗಸು ಎಂದು ಕ್ರಿಯಾಪದವೇ ಹೇಳುತ್ತದೆ. ಸ್ಪ್ಯಾನಿಷ್‌ನ ‘ಫ್ವೆ’ಯಲ್ಲಿ (ಹೋದ, ಹೋದಳು, ಹೋಯಿತು) ಆ ಸುಳಿವಿಲ್ಲ, ಕರ್ತೃವನ್ನೂ ಬಿಟ್ಟಿರುತ್ತಾರೆ. ‘ಸು’ ಎಂಬುದು ಅವನ, ಅವಳ, ಅವರ ಯಾವುದೂ ಆಗಬಹುದು. ಸಾಲದ್ದಕ್ಕೆ ಕಥೆಯ ಬುವೆಂದಿಯಾ ಮನೆತನದಲ್ಲಿ ಔರೆಲಿಯಾನೊ, ಹೊಸೆ ಅರ್ಕಾಡಿಯೊ ಹೆಸರುಗಳು ತಲೆಮಾರುಗಳುದ್ದಕ್ಕೂ ಮರಳಿ ಬರುತ್ತವೆ. ಕರ್ನಲ್ ಔರೆಲಿಯಾನೊನ 17 ಗಂಡುಮಕ್ಕಳೂ ಔರೆಲಿಯಾನೊಗಳೇ!

ಉದ್ದದ ವಾಕ್ಯ ಬಂದಾಗ ಮೊದಲು ಪೂರ್ಣ ಕ್ರಿಯಾಪದಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ, ಪ್ರತಿಯೊಂದರ ಮೇಲೂ ಕರ್ತೃವಿನ ಹೆಸರು ಬರೆಯಿರಿ. ಹೆಸರು ಹೊಳೆಯದ ಕಡೆ ನಿಘಂಟು ನೆರವಾಗುವುದಿಲ್ಲ, ಹಿಂದಿನ ವಾಕ್ಯಕ್ಕೇ ಹೋಗಬೇಕು. 20 ಅಧ್ಯಾಯಗಳಿಗೆ ಸಂಖ್ಯೆಯೂ ಇಲ್ಲ, ಶೀರ್ಷಿಕೆಯೂ ಇಲ್ಲ. ನೀವೇ ಸಂಖ್ಯೆ ಹಾಕಿಕೊಳ್ಳಿ. ವಂಶವೃಕ್ಷವನ್ನು ಓದುತ್ತಾ ಹೋದಂತೆ ನೀವೇ ಬರೆದುಕೊಂಡರೆ ಒಳ್ಳೆಯದು. ಅಚ್ಚಾದದ್ದನ್ನು ನೋಡಿದರೆ ಮುಂದಿನ ಸಂಬಂಧಗಳು ಮೊದಲೇ ಗೊತ್ತಾಗಿಬಿಡುತ್ತವೆ.

ಇನ್ನೊಂದು: ಮೊದಲ ವಾಕ್ಯದಲ್ಲೇ ಬರುವ ‘ಅಬಿಯಾ ದೆ’ಯನ್ನು ‘ಮಾಡಲೇಬೇಕಿತ್ತು’ ಎಂದು ಓದಬೇಡಿ. ಅಲ್ಲಿ ಅದು ‘ನೆನೆಯಲಿದ್ದ’ ಎನ್ನುವಂಥ ಪ್ರಯೋಗ. ಗತಕಾಲದಲ್ಲಿ ನಿಂತು ಮುಂದಾಗುವುದನ್ನು ಹೇಳುವ ಈ ರೀತಿ ಕಾದಂಬರಿಯುದ್ದಕ್ಕೂ ಬರುತ್ತದೆ, ಕಾಲದ ಎಳೆ ತಪ್ಪುವುದೂ ಇಲ್ಲಿಯೇ.

ಉತ್ತರ 2: ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಪವಾಡ ಎದುರಾದಾಗ ಕಲಿಯುವವರು ‘ಇದು ನುಡಿಗಟ್ಟಿರಬೇಕು’ ಎಂದುಕೊಂಡು ಅರ್ಥ ಹುಡುಕುತ್ತಾ ಕೂರುತ್ತಾರೆ. ಹೊಸೆ ಅರ್ಕಾಡಿಯೊ ಸತ್ತಾಗ ರಕ್ತದ ಎಳೆಯೊಂದು ಬೀದಿಗಿಳಿದು, ಮೂಲೆಗಳಲ್ಲಿ ತಿರುಗಿ, ನೆಲಹಾಸಿಗೆ ಕಲೆಯಾಗದಂತೆ ಗೋಡೆಯಂಚಿನಲ್ಲೇ ಸಾಗಿ, ಅವನ ತಾಯಿ ಉರ್ಸುಲಾ ಬ್ರೆಡ್ಡಿಗೆಂದು 36 ಮೊಟ್ಟೆ ಒಡೆಯಲು ಹೊರಟಿದ್ದ ಅಡುಗೆಮನೆ ಸೇರುತ್ತದೆ. ಎಲ್ಲವೂ ಸಾಮಾನ್ಯ ಭೂತಕಾಲದಲ್ಲಿ, ದಿನಚರಿಯ ಧಾಟಿಯಲ್ಲಿ. ‘ಕೊಮೊ ಸಿ’ (ಎಂಬಂತೆ) ಇದೆಯೇ ನೋಡಿ. ಇದ್ದರೆ ಹೋಲಿಕೆ, ಇಲ್ಲದಿದ್ದರೆ ಕಥೆಯೊಳಗೆ ಅದು ನಡೆದದ್ದೇ ಎಂದು ನಂಬಿ ಮುಂದೆ ಹೋಗಿ.

ಉತ್ತರ 3: ಬಿ1ಗೆ ಇದು ಭಾರವೇ. ಮೊದಲು ಮಾರ್ಕೆಸ್ ಅವರದೇ ಕಿರುಕಾದಂಬರಿ ‘ಎಲ್ ಕೊರೊನೆಲ್ ನೊ ತಿಯೆನೆ ಕಿಯೆನ್ ಲೆ ಎಸ್ಕ್ರೀಬಾ’ (ಕರ್ನಲ್‌ಗೆ ಪತ್ರ ಬರೆಯುವವರಿಲ್ಲ) ಓದಿ: ಚಿಕ್ಕ ವಾಕ್ಯ, ಬೇಕಾದಷ್ಟು ಸಂಭಾಷಣೆ. ಮಾಂತ್ರಿಕತೆ ಇಲ್ಲ, ಆದರೆ ಶಬ್ದಸಂಪತ್ತು ಹತ್ತಿರದ್ದು. ತೆಳ್ಳಗಿದೆ ಎಂದು ಮೆಕ್ಸಿಕೊದ ಹುವಾನ್ ರುಲ್ಫೊ ಅವರ ಕಾದಂಬರಿ ‘ಪೆದ್ರೊ ಪಾರಮೊ’ (1955) ಸೂಚಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಲ್ಲಿ ಪದಗಳು ಸುಲಭ, ಆದರೆ ಸತ್ತವರ ದನಿ ಯಾವುದು, ಕಾಲ ಯಾವುದು ಎಂಬ ಸೂಚನೆಯೇ ಇಲ್ಲದೆ ತುಣುಕುಗಳು ಬದಲಾಗುತ್ತವೆ.

ನಿಘಂಟಿಗೆ ಸ್ಪೇನ್‌ನ ಭಾಷಾ ಸಂಸ್ಥೆ ರಿಯಲ್ ಅಕಾಡೆಮಿಯ ಉಚಿತ ಜಾಲತಾಣ ಸಾಕು. ಅಲ್ಲಿ ಸಿಗದ ಕೆರಿಬಿಯನ್ ಪದಗಳಿಗೆ ‘ದಿಕ್ಸಿಯೊನಾರಿಯೊ ದೆ ಅಮೆರಿಕಾನಿಸ್ಮೋಸ್’ (ಅಮೆರಿಕ ಖಂಡದ ಸ್ಪ್ಯಾನಿಷ್ ಪದಗಳ ನಿಘಂಟು). ಗಿಡಮರಗಳ ಹೆಸರು ಬಿಟ್ಟುಬಿಡಿ, ಮೂರನೇ ಸಲ ಕಾಣಿಸಿಕೊಂಡ ಪದವನ್ನು ಮಾತ್ರ ಹುಡುಕಿ. ಅನುವಾದ ಜೊತೆಗಿದ್ದರೆ ಅಧ್ಯಾಯ ಮುಗಿದ ಮೇಲೆ ತೆರೆಯಿರಿ.