ಕೋಚ್‌ನ ‘ದಾಖಲೆ’ಯೋ, ಸೋಲು–ಗೆಲುವಿನ ಲೆಕ್ಕವೋ?

ಎಲ್ಲರಿಗೂ ನಮಸ್ಕಾರ.

ತುಮಕೂರಿನ ಬ್ಯಾಸ್ಕೆಟ್‌ಬಾಲ್ ಹುಡುಗರು ಓದಲೆಂದು ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಕೋಚ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಕೋಚ್ ಒಬ್ಬರನ್ನು ಲೀಗ್ ಹಂತದ ಗೆಲುವಿನಿಂದ ಅಳೆಯಬೇಕೋ, ಪ್ಲೇಆಫ್‌ನಿಂದಲೋ ಎಂಬುದು ವಿಷಯ. ‘ಪ್ಲೇಆಫ್ ರೆಕಾರ್ಡ್’, ಅಂದರೆ ಪ್ಲೇಆಫ್‌ಗಳಲ್ಲಿ ಗೆದ್ದ, ಸೋತ ಪಂದ್ಯಗಳ ಒಟ್ಟು ಲೆಕ್ಕ, ಎಂಬಲ್ಲಿಗೆ ಬಂದು ಬರವಣಿಗೆ ನಿಂತಿದೆ.

ನಮ್ಮ ಕ್ರೀಡಾಪುಟಗಳಲ್ಲಿ ‘ದಾಖಲೆ’ ಎಂದರೆ ಹಿಂದೆ ಯಾರೂ ಮಾಡದ್ದು, ಇಲ್ಲವೇ ಯಾರೋ ಮುರಿದದ್ದು. ಕೋಚ್ ಡಾನ್ ನೆಲ್ಸನ್ ಲೀಗ್ ಹಂತದಲ್ಲಿ 1,335 ಪಂದ್ಯ ಗೆಲ್ಲಿಸಿದ್ದು ದಾಖಲೆ. 2022ರಲ್ಲಿ ಗ್ರೆಗ್ ಪೊಪೊವಿಚ್ ಅದನ್ನು ಮುರಿದರು. ಇಲ್ಲಿ ಪದ ಚೆನ್ನಾಗಿಯೇ ಕೂರುತ್ತದೆ. ಜಾರ್ಜ್ ಕಾರ್ಲ್ ಪ್ಲೇಆಫ್‌ಗಳಲ್ಲಿ 80 ಗೆದ್ದು 105 ಸೋತವರು. ಇದನ್ನು ‘ಕಾರ್ಲ್ ಅವರ ಪ್ಲೇಆಫ್ ದಾಖಲೆ’ ಎಂದು ಬರೆದರೆ ಹೊಗಳಿಕೆಯಾಗಿಬಿಡುತ್ತದೆ. ‘ಸಾಧನೆ’ಗೂ ಅದೇ ತೊಡಕು. ‘ಅಂಕಿ–ಅಂಶ’ ತೀರಾ ಅಗಲವಾಯಿತು.

‘ಸೋಲು–ಗೆಲುವಿನ ಲೆಕ್ಕ’ ನನಗೆ ಹಿಡಿಸಿದೆ. ಆದರೆ ನಮ್ಮ ಮಾತಿನಲ್ಲಿ ಸೋಲು ಮೊದಲು ಬರುತ್ತದೆ, ಅಂಕಿಯಲ್ಲಿ ಗೆಲುವು ಮೊದಲು. ಫಿಲ್ ಜಾಕ್ಸನ್ ಅವರ ಪ್ಲೇಆಫ್ ಲೆಕ್ಕ 229–104. ಹನ್ನೊಂದು ಸಲ ಪ್ರಶಸ್ತಿ ಗೆಲ್ಲಿಸಿದವರು ಅವರು. ಹೊಸ ಓದುಗರು ಇದನ್ನು ತಿರುಗಮುರುಗ ಓದಿಬಿಟ್ಟರೆ? ‘ಗೆಲುವು–ಸೋಲಿನ ಲೆಕ್ಕ’ ಎಂದರೆ ನಿಮ್ಮ ಕಿವಿಗೆ ಒರಟಾಗುತ್ತದೆಯೇ?

ಐಪಿಎಲ್‌ನಿಂದಾಗಿ ‘ಪ್ಲೇಆಫ್’ ಮನೆಮಾತಾಗಿದೆ, ಅದನ್ನು ಹಾಗೇ ಉಳಿಸುತ್ತೇನೆ. ಕೆಲವರು ಅದರ ಬದಲು ಬಳಸುವ ‘ನಾಕೌಟ್’ ಮಾತ್ರ ಇಲ್ಲಿ ಸಲ್ಲದು. ಎನ್‌ಬಿಎ ಪ್ಲೇಆಫ್‌ನಲ್ಲಿ ಒಂದು ಸೋಲಿಗೆ ಯಾರೂ ಮನೆಗೆ ಹೋಗುವುದಿಲ್ಲ. ಏಳು ಪಂದ್ಯಗಳ ಸರಣಿಯಲ್ಲಿ ಮೊದಲು ನಾಲ್ಕು ಗೆದ್ದವರು ಮುಂದಿನ ಸುತ್ತಿಗೆ. ಅದೇ ಎದುರಾಳಿ ಮತ್ತೆ ಮತ್ತೆ ಎದುರು ಬರುವುದರಿಂದ ಎರಡನೇ ಪಂದ್ಯದ ಹೊತ್ತಿಗೆ ನಿಮ್ಮ ಆಟದ ಗುಟ್ಟು ಅವರಿಗೆ ಗೊತ್ತಿರುತ್ತದೆ. ಕೋಚ್ ಕೈಚಳಕ ಕಾಣುವುದೇ ಅಲ್ಲಿ.

ಲೆಕ್ಕವನ್ನೂ ನೋಡಿ. ಪ್ರಶಸ್ತಿಗೆ ನಾಲ್ಕು ಸರಣಿ, ಅಂದರೆ 16 ಗೆಲುವು ಬೇಕು. ಪ್ರತಿ ಸರಣಿಯೂ ಏಳನೇ ಪಂದ್ಯದವರೆಗೆ ಎಳೆದರೆ ಚಾಂಪಿಯನ್ ತಂಡವೇ 12 ಸೋತಿರಬಹುದು. ಗೆಲುವಿನ ಪ್ರಮಾಣ ಶೇ 57. ಲೀಗ್ ಹಂತದ 82 ಪಂದ್ಯಗಳಲ್ಲಿ ಅದೇ ಪ್ರಮಾಣಕ್ಕೆ ಸಿಗುವುದು 47 ಗೆಲುವು, ಯಾರೂ ಮೆಚ್ಚಿ ಮಾತಾಡದ ಸಂಖ್ಯೆ. ಎರಡು ಶೇಕಡಾವಾರುಗಳನ್ನು ಪಕ್ಕಪಕ್ಕ ಇಟ್ಟು ‘ಪ್ಲೇಆಫ್‌ನಲ್ಲಿ ವಿಫಲ’ ಎಂದು ಬರೆಯುವುದು ಅನ್ಯಾಯವೆಂದೇ ನನ್ನ ಅನಿಸಿಕೆ. ಪಂದ್ಯಗಳ ಬದಲು ಗೆದ್ದ ಸರಣಿಗಳನ್ನು ಎಣಿಸಬೇಕು.

ಹಾಗೆ ಎಣಿಸಿದರೂ ‘ವಿಫಲ’ ಬಹಳ ಬೇಗ ಬಾಯಿಗೆ ಬರುವ ಪದ. ಮೈಕ್ ಬುಡೆನ್‌ಹೋಲ್ಜರ್ 2015ರಲ್ಲಿ ಅಟ್ಲಾಂಟಾ ತಂಡಕ್ಕೆ ಲೀಗ್ ಹಂತದಲ್ಲಿ 60 ಗೆಲುವು ತಂದುಕೊಟ್ಟರು. ಪ್ಲೇಆಫ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು ನಾಲ್ಕಕ್ಕೆ ನಾಲ್ಕೂ ಸೋತರು. 2021ರಲ್ಲಿ ಅವರೇ ಮಿಲ್ವಾಕಿಗೆ ಪ್ರಶಸ್ತಿ ಗೆಲ್ಲಿಸಿದರು. ಡ್ವೇನ್ ಕೇಸಿಗೆ ಅಂಥ ಅದೃಷ್ಟ ಸಿಗಲಿಲ್ಲ. 2018ರಲ್ಲಿ ಟೊರೊಂಟೊಗೆ 59 ಗೆಲುವು, ವರ್ಷದ ಕೋಚ್ ಪ್ರಶಸ್ತಿ, ಆದರೂ ಪ್ಲೇಆಫ್‌ನ ಸೋಲಿನ ಬಳಿಕ ಕೆಲಸ ಹೋಯಿತು. ಮರುವರ್ಷ ಅದೇ ತಂಡ ನಿಕ್ ನರ್ಸ್ ಕೈಕೆಳಗೆ, ಹೊಸದಾಗಿ ಬಂದ ಕವಾಯ್ ಲೆನಾರ್ಡ್ ಆಟದ ಬಲದಲ್ಲಿ, ಚಾಂಪಿಯನ್ ಆಯಿತು. ಕೇಸಿಯವರನ್ನು ‘ವಿಫಲ’ ಎನ್ನಲು ನನಗೆ ಮನಸ್ಸಿಲ್ಲ. ‘ಎಡವಿದರು’ ಸಾಕೇ, ಅಥವಾ ಅದಕ್ಕಿಂತ ಹದವಾದ ಮಾತಿದೆಯೇ?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಬಡ್ಡಿ, ವಾಲಿಬಾಲ್ ಟೂರ್ನಿ ನಡೆಸುವವರು ಈ ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಒಂದು ತಂಡ ಈವರೆಗೆ ಗೆದ್ದದ್ದು, ಸೋತದ್ದು ಎರಡನ್ನೂ ಸೇರಿಸಿ ಹೇಳುವಾಗ ಮೈಕಿನಲ್ಲಿ ಏನನ್ನುತ್ತೀರಿ?